ಸುಟ್ಟದ್ದು ಕಾಗದ, ಉಳಿದದ್ದು ಪ್ರಶ್ನೆ

(ಡೇನಿಯಲ್ ಬೆರಿಗನ್ ಅವರ ‘ದಿ ಟ್ರಯಲ್ ಆಫ್ ದಿ ಕೇಟನ್ಸ್‌ವಿಲ್ ನೈನ್’ ನಾಟಕವನ್ನು ಕುರಿತು)

ನ್ಯಾಯಾಲಯದ ನಾಟಕವೆಂದರೆ ನಮ್ಮ ಹವ್ಯಾಸಿ ತಂಡಗಳಿಗೆ ಹಿಂದಿನಿಂದಲೂ ಒಂದು ಮೋಹ. ಎರಡು ಮೇಜು, ಒಂದು ಕಟಕಟೆ, ನಾಲ್ಕಾರು ಕುರ್ಚಿ ಹೊಂದಿಸಿದರೆ ರಂಗಸಜ್ಜಿಕೆಯ ಕೆಲಸ ಮುಗಿಯಿತು. ಸಂಘದ ಖಜಾಂಚಿಗೂ ನೆಮ್ಮದಿ. ಮಿಕ್ಕದ್ದೆಲ್ಲ ಮಾತಿನ ಮೇಲೆ, ನಟರ ಗಂಟಲಿನ ಮೇಲೆ. ಮುಂಬಯಿಯಲ್ಲಿರುವ ನಮಗಂತೂ ವಿಜಯ ತೆಂಡೂಲ್ಕರರ ‘ಶಾಂತತಾ! ಕೋರ್ಟ್ ಚಾಲೂ ಆಹೇ’ ೧೯೬೭ರಿಂದ ಪರಿಚಿತ. ಅಲ್ಲಿ ಆಟಕ್ಕೆಂದು ಹೂಡಿದ ವಿಚಾರಣೆ ನೋಡನೋಡುತ್ತಿದ್ದಂತೆ ನಿಜವಾಗಿ ಒಬ್ಬ ಹೆಂಗಸಿನ ಬಾಳನ್ನೇ ಹರಿದುಹಾಕುತ್ತದೆ. ನಾವು ಇಲ್ಲಿ ಹೇಳಹೊರಟಿರುವ ನಾಟಕ ಅದಕ್ಕೆ ತೀರ ತಿರುವುಮುರುವು. ಇಲ್ಲಿ ನಿಜವಾಗಿ ನಡೆದ ವಿಚಾರಣೆಯೇ ನಾಟಕವಾಗಿದೆ. ಆರೋಪಿಗಳಲ್ಲಿ ಒಬ್ಬರೇ ನಾಟಕಕಾರರಾಗಿದ್ದಾರೆ.

ನಾಟಕಕಾರರು ಡೇನಿಯಲ್ ಬೆರಿಗನ್. ಹುಟ್ಟಿದ್ದು ೧೯೨೧ರಲ್ಲಿ, ತೀರಿಕೊಂಡದ್ದು ೨೦೧೬ರಲ್ಲಿ. ಜೆಸ್ಯೂಟ್ ಪಂಥದ ಪಾದ್ರಿ, ಜೊತೆಗೆ ಕವಿ. ೧೯೫೭ರ ಮೊದಲ ಕವನಸಂಗ್ರಹಕ್ಕೇ ಬಹುಮಾನ ಪಡೆದವರು. ಇಂಥವರು ಆರೋಪಿಯಾಗಿ ಕಟಕಟೆಗೆ ಬಂದದ್ದು ಹೇಗೆಂಬುದನ್ನು ಮೊದಲು ಹೇಳಿಬಿಡುತ್ತೇವೆ. ಅದು ಗೊತ್ತಿಲ್ಲದೆ ನಾಟಕವನ್ನು ತೂಗಿ ನೋಡುವುದು ಸಾಧ್ಯವಿಲ್ಲ.

ಅಮೆರಿಕ ವಿಯೆಟ್ನಾಮಿನಲ್ಲಿ ಯುದ್ಧದಲ್ಲಿ ಮುಳುಗಿದ್ದ ಕಾಲ ಅದು. ೧೯೬೮ರ ವೇಳೆಗೆ ಐದು ಲಕ್ಷಕ್ಕೂ ಮಿಕ್ಕ ಅಮೆರಿಕನ್ ಸೈನಿಕರು ಅಲ್ಲಿದ್ದರು. ಇವರಲ್ಲಿ ಬಹಳ ಮಂದಿ ತಾವಾಗಿ ಹೋದವರಲ್ಲ. ಕಡ್ಡಾಯ ಭರ್ತಿಯ ಕಾನೂನಿನಂತೆ ಕರೆ ಬಂದು ಹೋದವರು. ಊರೂರಿಗೂ ಒಂದು ಭರ್ತಿ ಕಛೇರಿ. ಹದಿನೆಂಟು ತುಂಬಿದ ಪ್ರತಿ ಹುಡುಗನ ಹೆಸರಲ್ಲಿ ಅಲ್ಲೊಂದು ಫೈಲು. ಕಾಲೇಜಿನಲ್ಲಿ ಓದುತ್ತಿದ್ದವನ ಫೈಲು ಕೆಳಗೆ ಸರಿಯುತ್ತಿತ್ತು, ಓದಲು ಗತಿಯಿಲ್ಲದವನದು ಮೇಲೆ ಬರುತ್ತಿತ್ತು. ತಕ್ಷಣ ಕಳಿಸಲು ಯೋಗ್ಯರೆಂದು ಗುರುತು ಬಿದ್ದವರ ಫೈಲುಗಳಿಗೆ ‘ಒನ್-ಎ’ ಎಂಬ ಹೆಸರು. ತಿಂಗಳಿಗೆ ಇಷ್ಟು ತಲೆಯೆಂದು ಮೇಲಿನಿಂದ ಲೆಕ್ಕ ಬರುತ್ತಿತ್ತು. ಕಛೇರಿ ಆ ಲೆಕ್ಕ ತುಂಬಿಸಿ ಕೊಡುತ್ತಿತ್ತು.

೧೯೬೮ರ ಮೇ ೧೭ರಂದು ಮೇರಿಲ್ಯಾಂಡ್ ಪ್ರಾಂತದ ಕೇಟನ್ಸ್‌ವಿಲ್ ಎಂಬ ಊರಿನ ಭರ್ತಿ ಕಛೇರಿಗೆ ಒಂಬತ್ತು ಜನ ನುಗ್ಗಿದರು. ಏಳು ಗಂಡಸರು, ಇಬ್ಬರು ಹೆಂಗಸರು, ಎಲ್ಲರೂ ಕೆಥೋಲಿಕರು. ಕಛೇರಿ ಇದ್ದುದು ಒಂದು ಕೆಥೋಲಿಕ್ ಸೋದರಸಂಘದ ಕಟ್ಟಡದ ಮಹಡಿಯ ಮೇಲೆಯೇ ಎಂಬುದನ್ನೂ ನೆನಪಿಡಬೇಕು. ೩೭೮ ‘ಒನ್-ಎ’ ಫೈಲುಗಳನ್ನು ತಂತಿಬುಟ್ಟಿಗಳಲ್ಲಿ ತುಂಬಿ ಹೊರಗಿನ ಬಯಲಿಗೆ ತಂದು, ಮನೆಯಲ್ಲೇ ತಯಾರಿಸಿದ ನಾಪಾಮ್ ಸುರಿದು ಬೆಂಕಿಯಿಟ್ಟರು. ವಿಯೆಟ್ನಾಮಿನ ಹಳ್ಳಿಗಳ ಮೇಲೆ ವಿಮಾನದಿಂದ ಬೀಳುತ್ತಿದ್ದದ್ದು ನಾಪಾಮ್. ಅದನ್ನು ಪೆಟ್ರೋಲು ಮತ್ತು ಸೋಪಿನ ಪುಡಿಯಿಂದ ತಯಾರಿಸುವ ಬಗೆಯನ್ನು ಅವರು ಕಲಿತದ್ದು ಅಮೆರಿಕನ್ ಸೈನ್ಯದ ಒಂದು ಕೈಪಿಡಿಯಿಂದಲೇ. ಬೆಂಕಿಯ ಸುತ್ತ ನಿಂತು, ಕ್ರಿಸ್ತ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯನ್ನು ಹೇಳುತ್ತ ಪೊಲೀಸರ ದಾರಿ ಕಾದರು. ಓಡಲಿಲ್ಲ, ಮುಖ ಮುಚ್ಚಲಿಲ್ಲ. ಪತ್ರಿಕೆಯವರಿಗೂ ಟೆಲಿವಿಷನ್ನಿನವರಿಗೂ ಮೊದಲೇ ಸುಳಿವು ಕೊಟ್ಟಿದ್ದರು.

ಅದೇ ವರ್ಷ ಅಕ್ಟೋಬರಿನಲ್ಲಿ ಬಾಲ್ಟಿಮೋರ್ ನಗರದ ಫೆಡರಲ್ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಸರಕಾರದ ಆಸ್ತಿಯನ್ನು ನಾಶ ಮಾಡಿದ್ದು, ಭರ್ತಿ ಕಛೇರಿಯ ದಾಖಲೆಗಳನ್ನು ಹಾಳುಗೆಡವಿದ್ದು, ಭರ್ತಿಯ ಕೆಲಸಕ್ಕೆ ಅಡ್ಡಿ ತಂದದ್ದು ಎಂದು ಮೂರು ಆರೋಪ. ಮೂರರಲ್ಲೂ ತಪ್ಪಿತಸ್ಥರೆಂದು ಜ್ಯೂರಿ ಹೇಳಿತು. ಡೇನಿಯಲ್ಲರಿಗೆ ಮೂರು ವರ್ಷ, ತಮ್ಮ ಫಿಲಿಪ್ ಬೆರಿಗನ್ ಅವರಿಗೆ ಮೂರೂವರೆ ವರ್ಷ, ಮಿಕ್ಕವರಿಗೆ ಎರಡರಿಂದ ಮೂರೂವರೆ ವರ್ಷದವರೆಗೆ ಸಜೆಯಾಯಿತು. ಸಾವಿರಕ್ಕೂ ಮಿಕ್ಕಿದ ಪುಟಗಳ ನ್ಯಾಯಾಲಯದ ದಾಖಲೆಯನ್ನು ಎದುರಿಗಿಟ್ಟುಕೊಂಡು ಡೇನಿಯಲ್ ಈ ನಾಟಕ ಬರೆದರು. ೧೯೭೦ರಲ್ಲಿ ಅದು ಪುಸ್ತಕವಾಗಿ ಬಂತು. ಅದೇ ವರ್ಷ ಲಾಸ್ ಏಂಜಲೀಸ್‌ನಲ್ಲೂ ೧೯೭೧ರಲ್ಲಿ ನ್ಯೂಯಾರ್ಕಿನಲ್ಲೂ ರಂಗಕ್ಕೇರಿತು. ೧೯೭೨ರಲ್ಲಿ ಅದು ಚಲನಚಿತ್ರವೂ ಆಯಿತು. ನಿರ್ಮಾಪಕರು ನಟ ಗ್ರೆಗರಿ ಪೆಕ್.

ಇನ್ನು ನಾಟಕದ ವಿಷಯ. ಕಥೆ ಹೆಣೆಯುವ ಗೋಜಿಗೆ ಲೇಖಕರು ಹೋಗಿಲ್ಲ. ವಿಚಾರಣೆಯ ದಿನಗಳೇ ಅಂಕಗಳು. ನ್ಯಾಯಾಲಯದಲ್ಲಿ ಆಡಿದ ಮಾತುಗಳನ್ನು ಸೋಸಿ, ಒಣ ಭಾಗವನ್ನು ತೆಗೆದು, ಉಸಿರಿಗೆ ತಕ್ಕಂತೆ ಸಾಲು ಮುರಿದು ಜೋಡಿಸಿದ್ದಾರೆ. ನಮ್ಮ ನವ್ಯ ಕಾವ್ಯ ಓದಿದವರಿಗೆ ಈ ಲಯ ಹೊಸದಲ್ಲ. ಇದನ್ನು ಪದ್ಯವೆನ್ನಬೇಕೋ ಗದ್ಯವೆನ್ನಬೇಕೋ ಎಂಬ ಚರ್ಚೆ ಬೇಡ. ಆಡುವ ನಟನಿಗೆ ಎಲ್ಲಿ ನಿಲ್ಲಬೇಕೆಂಬುದು ತಾನಾಗಿ ತಿಳಿಯುತ್ತದೆ, ಅಷ್ಟು ಸಾಕು.

ಈ ನಾಟಕದ ಹೆಚ್ಚಿನ ಗುಣ ಒಂದೇ: ಇದರಲ್ಲಿ ಧರ್ಮೋಪದೇಶ ಬಹಳ ಕಡಿಮೆ. ಒಂಬತ್ತು ಜನ ಭಕ್ತರು ಕಟಕಟೆಗೆ ಬರುತ್ತಾರೆಂದರೆ ಬೈಬಲ್ಲಿನ ಪಾರಾಯಣ ಕೇಳಬೇಕಾದೀತೆಂದು ನಾವು ಅಂಜಿದ್ದೆವು. ಹಾಗಾಗಲಿಲ್ಲ. ಅವರು ಹೇಳುವುದು ತಾವು ಕಂಡದ್ದನ್ನು. ಥಾಮಸ್ ಮೆಲ್ವಿಲ್ ಮಿಶನರಿ ಪಾದ್ರಿಯಾಗಿ ಗ್ವಾಟೆಮಾಲಾ ದೇಶದಲ್ಲಿ ವರ್ಷಗಟ್ಟಲೆ ಇದ್ದವರು; ಮಾರ್ಜರಿ ಅಲ್ಲಿಯೇ ಸಂನ್ಯಾಸಿನಿಯಾಗಿದ್ದವರು; ಆಮೇಲೆ ಇಬ್ಬರೂ ಮದುವೆಯಾದರು. ಜಾನ್ ಹೋಗನ್ ಕೂಡ ಅದೇ ದೇಶದಲ್ಲಿ ದುಡಿದವರು. ೧೯೫೪ರಲ್ಲಿ ಅಲ್ಲಿ ಚುನಾಯಿತ ಸರಕಾರ ಉರುಳಿದ್ದು ಹೇಗೆ, ಅದರ ಹಿಂದೆ ಅಮೆರಿಕದ ಕೈ ಎಷ್ಟಿತ್ತು, ಬಾಳೆಹಣ್ಣಿನ ಕಂಪನಿಯ ಭೂಮಿಗೂ ಹಸಿದ ರೈತನ ಹೊಟ್ಟೆಗೂ ಏನು ಸಂಬಂಧವೆಂಬುದನ್ನು ಇವರು ಹತ್ತಿರದಿಂದ ತಿಳಿದವರು. ಮೇರಿ ಮೊಯ್ಲನ್ ಯುಗಾಂಡಾದಲ್ಲಿ ದಾದಿಯಾಗಿ ದುಡಿದವರು. ಜಾರ್ಜ್ ಮಿಶೆ ಅಮೆರಿಕದ ನೆರವಿನ ಯೋಜನೆಯಲ್ಲಿ ನೌಕರಿ ಮಾಡಿ, ನೆರವು ಯಾರಿಗೆ ತಲುಪುತ್ತಿದೆಯೆಂದು ನೋಡಿ ಹೊರಬಂದವರು. ಟಾಮ್ ಲೂಯಿಸ್ ಚಿತ್ರಕಾರ. ಡೇವಿಡ್ ಡಾರ್ಸ್ಟ್ ಶಾಲಾಮಾಸ್ತರ. ಫಿಲಿಪ್ ಬೆರಿಗನ್ನರಂತೂ ಎರಡನೆಯ ಮಹಾಯುದ್ಧದಲ್ಲಿ ತೋಪಿನ ದಳದಲ್ಲಿದ್ದು ಹೋರಾಡಿದವರು. ಯುದ್ಧ ಬೇಡವೆನ್ನುವವರೆಲ್ಲ ಹೇಡಿಗಳೆನ್ನುವ ಬಾಯಿಗೆ ಅವರೊಬ್ಬರೇ ಉತ್ತರ.

ಒಬ್ಬೊಬ್ಬರು ಎದ್ದು ತಮ್ಮ ಬದುಕಿನ ದಾರಿಯನ್ನು ಹೇಳುತ್ತ ಹೋದಂತೆ, ಬೇರೆ ಬೇರೆ ದೇಶಗಳ ದಾರಿಗಳೆಲ್ಲ ಬಂದು ಆ ಚಿಕ್ಕ ಊರಿನ ಕಛೇರಿಯ ಮೆಟ್ಟಿಲಿಗೆ ಸೇರುವುದು ಕಾಣುತ್ತದೆ. ಡೇನಿಯಲ್ಲರ ಸಾಕ್ಷ್ಯ ಇವುಗಳ ತುದಿ. ೧೯೬೮ರ ಮೊದಲಲ್ಲಿ ಅವರು ಇತಿಹಾಸಕಾರ ಹೊವರ್ಡ್ ಝಿನ್ ಜೊತೆ ಹೆನಾಯ್‌ಗೆ ಹೋಗಿ, ಸೆರೆಸಿಕ್ಕಿದ್ದ ಮೂವರು ಅಮೆರಿಕನ್ ವಿಮಾನಿಗಳನ್ನು ಬಿಡಿಸಿಕೊಂಡು ಬಂದಿದ್ದರು. ತಮ್ಮ ದೇಶದ ಬಾಂಬುಗಳು ಮೇಲೆ ಬೀಳುತ್ತಿರುವಾಗ ಅಲ್ಲಿಯ ಮಕ್ಕಳ ಜೊತೆ ನೆಲಮಾಳಿಗೆಯಲ್ಲಿ ಅಡಗಿ ಕುಳಿತಿದ್ದರು. ಊರಿಗೆ ಮರಳಿದ ಮೇಲೆ ಸಿರಕ್ಯೂಸ್ ಎಂಬಲ್ಲಿ ಒಬ್ಬ ಶಾಲಾಬಾಲಕ ಯುದ್ಧವನ್ನು ತಾಳಲಾರದೆ ದೊಡ್ಡ ಇಗರ್ಜಿಯ ಮುಂದೆ ಮೈಗೆ ಬೆಂಕಿ ಹಚ್ಚಿಕೊಂಡಿದ್ದ. ಆಸ್ಪತ್ರೆಯಲ್ಲಿ ಸಾಯುತ್ತಿದ್ದ ಅವನನ್ನು ಡೇನಿಯಲ್ ನೋಡಲು ಹೋಗುತ್ತಾರೆ. ಈ ಭಾಗವನ್ನು ಓದುವಾಗ ನಮ್ಮ ಕೈ ತಡೆಯಿತು. ಭಾಷಣವಿಲ್ಲ, ಕಣ್ಣೀರಿಲ್ಲ, ಸುಟ್ಟ ಚರ್ಮದ ವಾಸನೆಯೊಂದೇ. ಕಾಗದ ಸುಡುವುದಕ್ಕೆ ಅವರು ಯಾಕೆ ಒಪ್ಪಿದರೆಂದು ಆಮೇಲೆ ಕೇಳಬೇಕಾಗಿಲ್ಲ.

ಇನ್ನೊಂದು ಗುಣವನ್ನೂ ಹೇಳಬೇಕು. ನ್ಯಾಯಾಧೀಶ ರೋಝೆಲ್ ಥಾಮ್ಸನ್‌ರನ್ನು ಲೇಖಕರು ರಾಕ್ಷಸರನ್ನಾಗಿ ಮಾಡಿಲ್ಲ. ಯುದ್ಧ ಸರಿಯೋ ತಪ್ಪೋ ಎಂಬುದು ಈ ನ್ಯಾಯಾಲಯದ ಮುಂದಿರುವ ವಿಷಯವಲ್ಲ, ಆರೋಪಿಗಳು ಒಳ್ಳೆಯ ಉದ್ದೇಶದಿಂದ ಮಾಡಿದರೆಂಬುದು ಅಪರಾಧವನ್ನು ಅಳಿಸಲಾರದು ಎಂದು ಅವರು ಜ್ಯೂರಿಗೆ ತಿಳಿಸುತ್ತಾರೆ. ಆದರೂ ಸಾಕ್ಷ್ಯವನ್ನು ತಡೆಯದೆ ಬಹಳಷ್ಟು ಮಾತಿಗೆ ಎಡೆಗೊಡುತ್ತಾರೆ. ತಮ್ಮ ಮನಸ್ಸೂ ಕಲಕಿದೆಯೆಂಬುದನ್ನು ಮುಚ್ಚಿಡುವುದಿಲ್ಲ. ಕಡೆಗೆ ಆರೋಪಿಗಳು ನ್ಯಾಯಾಲಯದಲ್ಲಿ ಪ್ರಾರ್ಥನೆ ಮಾಡಬಹುದೇ ಎಂದು ಕೇಳುತ್ತಾರೆ. ಸರಕಾರಿ ವಕೀಲರು ಅಡ್ಡಿಯಿಲ್ಲವೆನ್ನುತ್ತಾರೆ. ಬಯಲಿನಲ್ಲಿ ಬೆಂಕಿಯ ಸುತ್ತ ಹೇಳಿದ್ದ ಅದೇ ಪ್ರಾರ್ಥನೆ ಈಗ ಕಾನೂನಿನ ಮಾಡಿನ ಕೆಳಗೆ ಕೇಳಿಬರುತ್ತದೆ. ಇದನ್ನು ನಾಟಕಕಾರರೇ ಕಲ್ಪಿಸಿದ್ದರೆ ‘ಹೀಗೂ ಉಂಟೇ’ ಎಂದು ನಾವು ನಗುತ್ತಿದ್ದೆವು. ನಿಜವಾಗಿ ನಡೆದದ್ದರಿಂದ ಸುಮ್ಮನಾಗುತ್ತೇವೆ. ತಾನು ನಂಬುವ ದೇವರನ್ನೇ ನಂಬುವವರನ್ನು ತನ್ನ ಕಾನೂನಿನ ಪ್ರಕಾರ ಜೈಲಿಗೆ ಕಳಿಸಬೇಕಾದ ಮನುಷ್ಯನ ಇಕ್ಕಟ್ಟು ಇಡೀ ನಾಟಕದಲ್ಲಿ ಎದ್ದು ಕಾಣುವಂಥದು.

ಇಷ್ಟೆಲ್ಲ ಮೆಚ್ಚಿಕೊಂಡ ಮೇಲೆ, ನಮ್ಮನ್ನು ಕಾಡಿದ ಸಂಗತಿಗೆ ಬರುತ್ತೇವೆ.

ಆ ಕಛೇರಿಯಲ್ಲಿ ಅಂದು ಕೆಲಸ ಮಾಡುತ್ತಿದ್ದ ಹೆಂಗಸರಿದ್ದರಲ್ಲ, ಗುಮಾಸ್ತೆಯರು, ಅವರೆಲ್ಲಿ? ಫೈಲುಗಳನ್ನು ಕಿತ್ತುಕೊಳ್ಳಲು ಬಂದಾಗ ಅವರಲ್ಲೊಬ್ಬರು ಬಿಡಲಿಲ್ಲ. ಬುಟ್ಟಿ ಹಿಡಿದೆಳೆದರು, ತಳ್ಳಾಟವಾಯಿತು, ಅಲ್ಪಸ್ವಲ್ಪ ತರಚು ಗಾಯವೂ ಆಯಿತು. ಇದು ನಾಟಕದಲ್ಲಿ ಸರಕಾರದ ಪಕ್ಷದವರು ಮಂಡಿಸುವ ‘ಸಂಗತಿ’ಗಳ ತುಣುಕಾಗಿ ಮಾತ್ರ ಬಂದು ಹೋಗುತ್ತದೆ. ಒಂಬತ್ತು ಜನರ ಬಾಲ್ಯ, ನಂಬಿಕೆ, ಸಂಕಟ, ಪಯಣ ಎಲ್ಲಕ್ಕೂ ಜಾಗವಿರುವ ನಾಟಕದಲ್ಲಿ, ಆ ಕೃತ್ಯ ಯಾರ ಕಣ್ಣೆದುರಿಗೆ, ಯಾರ ಕೈಯಿಂದ ಕಿತ್ತು ನಡೆಯಿತೋ ಅವರ ಮನಸ್ಸಿಗೆ ಒಂದು ಪುಟವೂ ಇಲ್ಲ. ಆ ಹೆಂಗಸಿಗೂ ಸೈನ್ಯದಲ್ಲಿ ಬಂಧುಗಳಿದ್ದರೇ? ಆ ಫೈಲುಗಳನ್ನು ಹೆಸರಿನ ಅಕ್ಷರಕ್ರಮದಲ್ಲಿ ಜೋಡಿಸುವಾಗ ಅವರಿಗೇನು ಅನ್ನಿಸುತ್ತಿತ್ತು? ನಾಟಕಕಾರರು ಕೇಳುವುದಿಲ್ಲ.

ಇದು ಸಣ್ಣ ಮಾತೆಂದು ಕೆಲವರಿಗೆ ತೋರಬಹುದು. ಹಳ್ಳಿಗಳು ಸುಟ್ಟು ಹೋಗುತ್ತಿರುವಾಗ ಗುಮಾಸ್ತೆಯ ಬೆರಳಿನ ಗಾಯದ ಲೆಕ್ಕವೇ ಎನ್ನಬಹುದು. ನಮ್ಮ ಓದುಗರು ಹಾಗೆನ್ನಲಾರರೆಂದು ನಮ್ಮ ನಂಬಿಕೆ. ನಮ್ಮಲ್ಲಿ ಎಷ್ಟೋ ಮಂದಿ ಊರು ಬಿಟ್ಟು ಬಂದು, ರೈಲ್ವೆ, ಬಂದರು, ಬ್ಯಾಂಕು, ವಿಮೆ, ತೆರಿಗೆ ಎಂದು ಒಂದಲ್ಲ ಒಂದು ಕಛೇರಿಯ ಫೈಲುಗಳ ನಡುವೆಯೇ ಮೂವತ್ತು ವರ್ಷ ಕಳೆದವರು. ಮೇಲಿನವರ ಹುಕುಮು ಕೆಳಗಿನವರ ಮೇಲೆ ಬೀಳುವಾಗ ನಡುವೆ ನಿಂತು ಮುದ್ರೆಯೊತ್ತಿದವರು. ರೇಷನ್ ಕಾರ್ಡಿನ ಒಂದು ಅಕ್ಷರ ತಪ್ಪಿದರೆ ಪರವೂರಿನಲ್ಲಿ ಸಂಸಾರವೇ ತೂಗುಯ್ಯಾಲೆಯಾಗುವುದನ್ನು ಕಂಡವರು. ಕಾಗದವೆಂದರೆ ಬರಿಯ ಕಾಗದವಲ್ಲ, ಅದರ ಹಿಂದೆ ಒಬ್ಬ ಮನುಷ್ಯನಿದ್ದಾನೆ ಎಂಬುದು ನಮಗೆ ಗೊತ್ತು. ಒಂಬತ್ತು ಜನರ ವಾದವೂ ಅದೇ ತಾನೆ! ಫೈಲಿನ ಹಿಂದೆ ಒಬ್ಬ ಹುಡುಗನಿದ್ದಾನೆ, ಫೈಲು ಸುಟ್ಟರೆ ಹುಡುಗ ಉಳಿದಾನು. ಆದರೆ ಫೈಲಿನ ಹಿಂದೆ ಒಬ್ಬ ಹುಡುಗ ಇರುವಂತೆ, ಫೈಲಿನ ಮುಂದೆ ಒಬ್ಬ ಗುಮಾಸ್ತೆಯೂ ಇದ್ದಳೆಂಬುದನ್ನು ನಾಟಕ ಮರೆತುಬಿಟ್ಟಿದೆ.

ನಾವು ಗಾಂಧೀಜಿಯವರ ನಾಡಿನವರು. ಈ ನಾಟಕವನ್ನು ನೋಡಿದಾಗ ಅವರ ಅಳತೆಗೋಲು ಕೈಗೆ ಬಂದೇ ಬರುತ್ತದೆ. ಗಾಂಧೀಜಿಯೂ ಕಾಗದ ಸುಡಿಸಿದ್ದುಂಟು. ೧೯೦೮ರ ಆಗಸ್ಟ್ ೧೬ರಂದು ಜೋಹಾನ್ಸ್‌ಬರ್ಗಿನ ಹಮೀದಿಯಾ ಮಸೀದಿಯ ಅಂಗಳದಲ್ಲಿ ಎರಡು ಸಾವಿರಕ್ಕೂ ಮಿಕ್ಕ ಭಾರತೀಯರ ನೋಂದಣಿ ಪತ್ರಗಳು ದೊಡ್ಡ ಕೊಪ್ಪರಿಗೆಯಲ್ಲಿ ಸುಟ್ಟವು. ೧೯೨೧ರ ಜುಲೈ ೩೧ರಂದು ನಮ್ಮ ಇದೇ ಮುಂಬಯಿಯ ಪರೇಲಿನಲ್ಲಿ ವಿದೇಶಿ ಬಟ್ಟೆಯ ದೊಡ್ಡ ಹೋಳಿ ನಡೆಯಿತು. ಉಡಲು ಬಟ್ಟೆಯಿಲ್ಲದ ದೇಶದಲ್ಲಿ ಬಟ್ಟೆ ಸುಡುವುದು ಸರಿಯೇ ಎಂದು ರವೀಂದ್ರನಾಥ ಠಾಕೂರರು ಆಗ ಆಕ್ಷೇಪಿಸಿದರು. ಆ ಆಕ್ಷೇಪಣೆಯಲ್ಲೂ ಹುರುಳಿತ್ತು. ಆದರೆ ಎರಡು ಸಲವೂ ಜನ ಬೆಂಕಿಗೆ ಹಾಕಿದ್ದು ತಮ್ಮದನ್ನು: ತಮ್ಮ ಪತ್ರ, ತಮ್ಮ ಅಂಗಿ. ಪತ್ರ ಸುಟ್ಟವನಿಗೆ ಜೈಲು, ಅಂಗಿ ಸುಟ್ಟವನಿಗೆ ನಷ್ಟ. ಕೇಟನ್ಸ್‌ವಿಲ್‌ನಲ್ಲಿ ಸುಟ್ಟದ್ದು ಬೇರೆಯವರ ಫೈಲು. ತಮಗೆ ಬಂದ ಕರೆಪತ್ರವನ್ನು ಸುಟ್ಟು ಸೆರೆಮನೆಗೆ ಹೋದ ಹುಡುಗರು ಆ ಕಾಲದ ಅಮೆರಿಕದಲ್ಲಿ ಇದ್ದರು. ಅವರದು ಜೋಹಾನ್ಸ್‌ಬರ್ಗಿನ ದಾರಿ. ಇವರದು ಬೇರೆ.

ಕಾಗದದ ಲೆಕ್ಕಕ್ಕೆ ಇನ್ನೊಂದು ತೊಡಕೂ ಉಂಟು. ತಿಂಗಳಿಗೆ ಇಷ್ಟು ತಲೆಯೆಂದು ಗೊತ್ತಾಗಿರುವ ಕಡೆ ಒಬ್ಬನ ಫೈಲು ಇಲ್ಲವಾದರೆ ಕರೆ ಇನ್ನೊಬ್ಬನಿಗೆ ಹೋಗಬಹುದಷ್ಟೆ. ಆ ಇನ್ನೊಬ್ಬನ ತಾಯಿ ಇವರನ್ನು ಹರಸಿಯಾಳೇ? ತಾವು ಸುಟ್ಟದ್ದು ಸಂಕೇತವೆಂದು ಇವರು ಉತ್ತರಿಸಬಹುದು. ಇದು ಬಿಡುಗಡೆಯೂ ಹೌದು, ಸಂಕೇತವೂ ಹೌದೆಂದು ನಾಟಕ ಎರಡು ಕಡೆಗೂ ಮಾತಾಡುತ್ತದೆ. ಒಂದನ್ನು ಗಟ್ಟಿಯಾಗಿ ಹಿಡಿದಿದ್ದರೆ ಲೇಸಿತ್ತು.

ಅವರ ಪಕ್ಷದ ಬಲವಾದ ವಾದವನ್ನು ಮರೆಮಾಚುವುದು ನಮಗೆ ಸಲ್ಲದು. ಎಲ್ಲ ಆಸ್ತಿಯೂ ಪವಿತ್ರವಲ್ಲ. ಹಿಟ್ಲರನ ವಿಷಾನಿಲದ ಕೋಣೆಗಳೂ ಸರಕಾರಿ ಆಸ್ತಿಯೇ ಆಗಿದ್ದವು. ಮನುಷ್ಯನನ್ನು ಕೊಲ್ಲಲೆಂದೇ ಇರುವ ಸಾಧನಕ್ಕೆ ಇರುವ ಹಕ್ಕಿಲ್ಲ ಎನ್ನುತ್ತಾರೆ ಅವರು. ಒಪ್ಪುತ್ತೇವೆ. ಕಾಗದಕ್ಕೆ ಜೀವವಿಲ್ಲ, ಅದನ್ನು ಸುಟ್ಟರೆ ಹಿಂಸೆಯಾಯಿತೆಂದು ನಾವು ಹೇಳುವುದಿಲ್ಲ. ನಮ್ಮ ತಕರಾರು ಕಾಗದ ಸುಟ್ಟ ಬೆಂಕಿಯ ಬಗ್ಗೆ ಅಲ್ಲ, ಅದಕ್ಕೆ ಮುಂಚಿನ ಒಂದೆರಡು ನಿಮಿಷದ ತಳ್ಳಾಟದ ಬಗ್ಗೆ. ಎದುರಾಳಿಯ ಮನಸ್ಸನ್ನು ಗೆಲ್ಲುವುದೇ ಸತ್ಯಾಗ್ರಹದ ಕಣವಾದರೆ, ಅಂದು ಅವರಿಗೆ ಎದುರಾಗಿದ್ದ ಎದುರಾಳಿ ಅಧ್ಯಕ್ಷ ಜಾನ್ಸನ್ ಅಲ್ಲ, ಆ ಗುಮಾಸ್ತೆ. ಆಕೆಯ ಮನಸ್ಸನ್ನು ಯಾರೂ ಮುಟ್ಟಲಿಲ್ಲ, ಕೈಯನ್ನು ಮಾತ್ರ ಹಿಡಿದರು.

ಇದು ಹೊರಗಿನವರ ಕೊಂಕು ಮಾತ್ರವಲ್ಲ. ಡೇನಿಯಲ್ಲರ ಮಿತ್ರರೇ ಆದ ಥಾಮಸ್ ಮರ್ಟನ್, ಆ ಕಾಲದ ಅಮೆರಿಕನ್ ಕೆಥೋಲಿಕರಲ್ಲಿ ಬಹು ದೊಡ್ಡ ಬರಹಗಾರರಾದ ಸಂನ್ಯಾಸಿ, ಈ ಕೃತ್ಯ ಹಿಂಸೆಯ ಗಡಿಯನ್ನು ತಾಗಿತೆಂದು ಅದೇ ವರ್ಷ ಬರೆದರು. ಆ ಹೆಂಗಸರನ್ನು ತಳ್ಳಿದ್ದನ್ನೂ ಅವರು ಎತ್ತಿ ಹೇಳಿದರು. ಬಡವರ ನಡುವೆ ಬದುಕಿ, ಯಾವ ಯುದ್ಧವನ್ನೂ ಒಪ್ಪದೆ ಹಲವು ಸಲ ಜೈಲು ಕಂಡ ಡೊರೊಥಿ ಡೇ ಈ ಒಂಬತ್ತು ಜನರ ಬಗ್ಗೆ ಅಕ್ಕರೆಯಿಟ್ಟುಕೊಂಡೇ, ಆಸ್ತಿನಾಶದ ದಾರಿ ತಮ್ಮದಲ್ಲವೆಂದು ದೂರ ನಿಂತರು. ಒಂದೇ ಧರ್ಮ, ಒಂದೇ ಶಾಂತಿಯ ಹಂಬಲ. ಆದರೂ ಹೀಗೆ ಬೇರೆ ಬೇರೆ ನಡೆ. ಈ ಒಳಜಗಳ ನಾಟಕದೊಳಗೆ ಬಂದಿದ್ದರೆ ಅದು ಇನ್ನೂ ತುಂಬಿದ ಕೃತಿಯಾಗುತ್ತಿತ್ತು.

ಗಾಂಧೀಜಿಯವರ ೧೯೨೨ರ ಅಹಮದಾಬಾದ್ ವಿಚಾರಣೆಯನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಮಾರ್ಚ್ ೧೮ರಂದು ನ್ಯಾಯಾಧೀಶ ಬ್ರೂಮ್‌ಫೀಲ್ಡರ ಎದುರು ಗಾಂಧೀಜಿ ತಪ್ಪೊಪ್ಪಿಕೊಂಡರು. ಕಾನೂನಿನಲ್ಲಿ ಎಷ್ಟು ದೊಡ್ಡ ಶಿಕ್ಷೆಯಿದೆಯೋ ಅಷ್ಟನ್ನೂ ಕೊಡಿ, ಇಲ್ಲವೇ ನೀವೇ ರಾಜೀನಾಮೆ ಕೊಡಿ ಎಂಬರ್ಥದ ಮಾತಾಡಿದರು. ಆರು ವರ್ಷದ ಸಜೆಯನ್ನು ಮರ್ಯಾದೆಯಿಂದ ಸ್ವೀಕರಿಸಿದರು. ಕೇಟನ್ಸ್‌ವಿಲ್‌ನವರು ಕೃತ್ಯವನ್ನು ಒಪ್ಪಿ, ಅಪರಾಧವನ್ನು ಒಪ್ಪಲಿಲ್ಲ. ವಕೀಲ ವಿಲಿಯಂ ಕನ್ಸ್‌ಟ್ಲರ್ ಜ್ಯೂರಿಯ ಅಂತಃಕರಣಕ್ಕೆ ಮೊರೆಯಿಡಲು ಹವಣಿಸಿದರು. ಬಿಡುಗಡೆ ಸಿಕ್ಕಿದರೆ ಬೇಡವೆನ್ನಲಿಲ್ಲವೆಂದಂತಾಯಿತು. ತಪ್ಪೇನಿಲ್ಲ, ಜ್ಯೂರಿಯ ಬಾಯಿಂದ ಯುದ್ಧವೇ ಅಪರಾಧವೆನ್ನಿಸುವ ಆಸೆ ಅವರದು. ಆದರೆ ಅಹಮದಾಬಾದಿನಲ್ಲಿ ನ್ಯಾಯಾಧೀಶನೇ ವಿಚಾರಣೆಗೆ ಒಳಗಾದಂತೆ ತೋರುತ್ತದೆ; ಬಾಲ್ಟಿಮೋರಿನಲ್ಲಿ ಅವರು ಪಾರಾಗುತ್ತಾರೆ.

ಯುದ್ಧದ ಮಾತಿಗೇ ಬಂದರೆ ನಮ್ಮಲ್ಲಿ ೧೯೪೦ರ ವೈಯಕ್ತಿಕ ಸತ್ಯಾಗ್ರಹವಿದೆ. ಅಕ್ಟೋಬರ್ ೧೭ರಂದು ವಿನೋಬಾ ಪವನಾರಿನಲ್ಲಿ ಎದ್ದು ನಿಂತು, ಈ ಯುದ್ಧಕ್ಕೆ ಜನರನ್ನಾಗಲಿ ಹಣವನ್ನಾಗಲಿ ಕೊಡುವುದು ತಪ್ಪೆಂದು ಸಾರಿದರು. ಸರಕಾರಕ್ಕೆ ಮೊದಲೇ ಸೂಚನೆ ಹೋಗಿತ್ತು. ಒಂದು ಕಡ್ಡಿಯೂ ಸುಡಲಿಲ್ಲ, ಯಾರ ಕೈಯಿಂದಲೂ ಏನನ್ನೂ ಕಿತ್ತುಕೊಳ್ಳಲಿಲ್ಲ. ಅದರಿಂದ ಯುದ್ಧ ನಿಂತಿತೇ ಎಂದರೆ ಇಲ್ಲ. ಕೇಟನ್ಸ್‌ವಿಲ್‌ನಿಂದಲೂ ನಿಲ್ಲಲಿಲ್ಲ. ಕಡ್ಡಾಯ ಭರ್ತಿ ಕೊನೆಗಂಡದ್ದು ೧೯೭೩ರಲ್ಲಿ.

ಹೀಗೆಂದು ನಾವು ಎತ್ತರದ ಪೀಠವೇರಿ ಕೂರುವಂತಿಲ್ಲ. ೧೯೪೨ರಲ್ಲಿ ನಮ್ಮ ಕರ್ನಾಟಕದಲ್ಲೇ ತಂತಿ ಕತ್ತರಿಸಿದ್ದರು, ಹಳ್ಳಿಯ ಚಾವಡಿಗಳ ದಫ್ತರ ಸುಟ್ಟಿದ್ದರು. ಮೈಲಾರ ಮಹದೇವನ ಹೆಸರು ಕೇಳದ ಕನ್ನಡಿಗರುಂಟೇ? ೧೯೩೦ರಲ್ಲಿ ಗಾಂಧೀಜಿಯವರ ಜೊತೆ ಸಬರಮತಿಯಿಂದ ದಂಡಿಗೆ ನಡೆದ ಹುಡುಗ ಆತ. ಅದೇ ಮಹದೇವ ೧೯೪೩ರ ಏಪ್ರಿಲ್ ೧ರಂದು ಹೊಸರಿತ್ತಿಯಲ್ಲಿ ಸರಕಾರದ ಕಂದಾಯ ವಸೂಲಿಯ ಠಾಣೆಯ ಮೇಲೆ ಬಿದ್ದಾಗ ಪೊಲೀಸರ ಗುಂಡಿಗೆ ಬಲಿಯಾದ. ಜೊತೆಗಿದ್ದ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಕೂಡ ಸತ್ತರು. ಆತನನ್ನು ಹುತಾತ್ಮನೆಂದು ನೆನೆಯುತ್ತೇವೆ, ನೆನೆಯಬೇಕಾದದ್ದೇ. ಹಾಗಿದ್ದೂ, ೧೯೪೪ರಲ್ಲಿ ಸೆರೆಯಿಂದ ಹೊರಬಂದ ಗಾಂಧೀಜಿ, ಹಾಳುಗೆಡಹುವುದೂ ಗುಟ್ಟಾಗಿ ನಡೆಯುವುದೂ ಅಹಿಂಸೆಯಲ್ಲವೆಂದು ಹೇಳಿ, ಭೂಗತರಾಗಿದ್ದವರಿಗೆ ಹೊರಬರಲು ಸೂಚಿಸಿದರು. ದಂಡಿಯಿಂದ ಹೊಸರಿತ್ತಿಯವರೆಗಿನ ಹದಿಮೂರು ವರ್ಷಗಳ ದಾರಿಯಲ್ಲಿ ಒಬ್ಬ ಪ್ರಾಮಾಣಿಕ ಮನುಷ್ಯನ ಮನಸ್ಸಿನಲ್ಲಿ ಏನೇನು ನಡೆದಿರಬೇಕು! ಅದು ನಮ್ಮ ನಾಟಕಕಾರರಿಗೆ ಕಾದಿರುವ ವಸ್ತು. ಬೆರಿಗನ್ನರ ನಾಟಕ ನಮಗೆ ದೂರದ್ದಾಗಿ ತೋರದಿರುವುದಕ್ಕೆ ಇದೂ ಒಂದು ಕಾರಣ.

ಭೂಗತವೆಂದ ಮೇಲೆ ನಾಟಕದ ಆಚೆಗಿನ ಒಂದು ಸಂಗತಿ ಹೇಳಬೇಕು. ಮೇಲ್ಮನವಿಗಳೆಲ್ಲ ಮುಗಿದು ೧೯೭೦ರ ಏಪ್ರಿಲಿನಲ್ಲಿ ಸಜೆ ಅನುಭವಿಸಲು ಹಾಜರಾಗಬೇಕಾದಾಗ ಡೇನಿಯಲ್ ಹೋಗಲಿಲ್ಲ. ನಾಲ್ಕು ತಿಂಗಳು ಮನೆಯಿಂದ ಮನೆಗೆ ಅಡಗುತ್ತ, ನಡುನಡುವೆ ಸಭೆಗಳಲ್ಲಿ ಕಾಣಿಸಿಕೊಳ್ಳುತ್ತ, ಆಗಸ್ಟ್ ೧೧ರಂದು ಬ್ಲಾಕ್ ಐಲೆಂಡ್ ಎಂಬ ದ್ವೀಪದಲ್ಲಿ ಸಿಕ್ಕಿಬಿದ್ದರು. ಮೇರಿ ಮೊಯ್ಲನ್ ಅಂತೂ ೧೯೭೯ರವರೆಗೆ ಸಿಗಲಿಲ್ಲ. ಡೇವಿಡ್ ಡಾರ್ಸ್ಟ್ ೧೯೬೯ರಲ್ಲೇ ವಾಹನಾಪಘಾತದಲ್ಲಿ ತೀರಿಕೊಂಡಿದ್ದರು. ಬೆಂಕಿಯ ಬಳಿ ಪೊಲೀಸರಿಗಾಗಿ ಕಾದು ನಿಂತವರು ಆಮೇಲೆ ಪೊಲೀಸರಿಂದ ಅಡಗಿದ್ದು ಹೇಗೆ? ಅನ್ಯಾಯದ ಯುದ್ಧ ನಡೆಸುವ ಸರಕಾರ ಕರೆದ ಕೂಡಲೇ ಹೋಗಬೇಕಾದ ಋಣವಿಲ್ಲವೆಂದು ಡೇನಿಯಲ್ ಅದಕ್ಕೆ ಸಮಾಧಾನ ಹೇಳಿದರು. ಜಾಣ ಸಮಾಧಾನವೇ. ಆದರೆ ಬಯಲಿನಲ್ಲಿ ನಿಂತ ಆ ಒಂಬತ್ತು ಜನರ ಚಿತ್ರಕ್ಕಿರುವ ತೂಕ ಅದಕ್ಕಿಲ್ಲ.

ನಮ್ಮ ಕಾವ್ಯದಲ್ಲಿ ಯುದ್ಧ ನಿಂತ ಒಂದು ಪ್ರಸಂಗ ಎಲ್ಲರಿಗೂ ಗೊತ್ತು. ಪಂಪನ ‘ಆದಿಪುರಾಣ’ದಲ್ಲಿ ಭರತ ಬಾಹುಬಲಿಯರ ಸೇನೆಗಳು ಎದುರು ನಿಂತಾಗ, ಅಣ್ಣತಮ್ಮಂದಿರ ಜಗಳಕ್ಕೆ ಸೈನಿಕರೇಕೆ ಸಾಯಬೇಕೆಂದು ಮಂತ್ರಿಗಳು ನಡುವೆ ಬರುತ್ತಾರೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಬಾಹುಬಲಿ ಗೆಲ್ಲುತ್ತಾನೆ, ಗೆದ್ದು ಬಿಡುತ್ತಾನೆ. ಬಿಟ್ಟದ್ದು ತನ್ನದನ್ನು. ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತಿರುವುದು ಆ ಬಿಟ್ಟ ಕೈ. ಕೇಟನ್ಸ್‌ವಿಲ್‌ನವರು ರಾಜರಲ್ಲ, ಬಿಡಲು ಅವರ ಬಳಿ ರಾಜ್ಯವಿರಲಿಲ್ಲ. ಇದ್ದದ್ದು ತಮ್ಮ ಸ್ವಾತಂತ್ರ್ಯ, ಗೌರವದ ಹುದ್ದೆ, ಪಾದ್ರಿಯ ನಿಲುವಂಗಿಗೆ ಜನ ಕೊಡುವ ಮನ್ನಣೆ. ಅದನ್ನು ಕೊಟ್ಟರು. ಈ ಒಂದು ಕಾರಣಕ್ಕೆ, ಎಷ್ಟೇ ತಕರಾರಿದ್ದರೂ, ಅವರನ್ನು ನಾವು ಗೌರವಿಸುತ್ತೇವೆ. ಬೆರಿಗನ್ ಸೋದರರು ಮುಂದೆಯೂ ಸುಮ್ಮನಿರಲಿಲ್ಲ. ೧೯೮೦ರಲ್ಲಿ ಪೆನ್ಸಿಲ್ವೇನಿಯಾದ ಒಂದು ಕಾರ್ಖಾನೆಗೆ ಹೋಗಿ, ಅಣ್ವಸ್ತ್ರಗಳ ಮೂತಿಗಳಿಗೆ ಸುತ್ತಿಗೆಯೇಟು ಹಾಕಿ ಮತ್ತೆ ಜೈಲು ಕಂಡರು. ಫಿಲಿಪ್ ೨೦೦೨ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ.

ಗುಮಾಸ್ತೆಯ ಕಥೆ ಹೇಳುವ ಕೆಲಸವನ್ನು ನಾಟಕ ಮಾಡದಿದ್ದರೂ ಬೇರೊಬ್ಬರು ಮಾಡಿದ್ದಾರೆ. 'ಇನ್ವೆಸ್ಟಿಗೇಷನ್ ಆಫ್ ಎ ಫ್ಲೇಮ್' ಎಂಬ ೨೦೦೧ರ ಸಾಕ್ಷ್ಯಚಿತ್ರದಲ್ಲಿ ಲಿನ್ ಸ್ಯಾಕ್ಸ್ ಅವರು ಬದುಕುಳಿದ ಆರೋಪಿಗಳ ಜೊತೆಗೆ ಆ ಕಛೇರಿಯ ಹೆಂಗಸನ್ನೂ ಕ್ಯಾಮೆರಾದ ಎದುರು ಕೂರಿಸಿದ್ದಾರೆ. ಮೂವತ್ತು ವರ್ಷಕ್ಕೂ ಮಿಕ್ಕಿ ತಡವಾಗಿ ಆಕೆಗೆ ಮಾತು ಬಂತು. ನಾಟಕದ ಕೊರತೆ ನಾವು ಮಾತ್ರ ಕಂಡದ್ದಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಹಾಗಾದರೆ ನಾಟಕದ ಬಗ್ಗೆ ನಮ್ಮ ತೀರ್ಪೇನು? ಇದು ಸಾಕ್ಷಿಗಳ ನಾಟಕವಾಗಿ ಉತ್ತಮ, ವಾದದ ನಾಟಕವಾಗಿ ಅರೆಕೊರೆ. ಧರ್ಮವೆಂಬುದು ಯುದ್ಧಕ್ಕೆ ಹೊರಟವರ ಬಾವುಟಕ್ಕೆ ಆಶೀರ್ವಾದ ಮಾಡುವುದಕ್ಕಷ್ಟೇ ಅಲ್ಲ, ‘ನಿಲ್ಲು’ ಎನ್ನುವುದಕ್ಕೂ ಬರುತ್ತದೆ ಎಂಬುದನ್ನು ಇದು ಗದ್ದಲವಿಲ್ಲದೆ ತೋರಿಸುತ್ತದೆ. ಮಠ, ದೇವಸ್ಥಾನ, ಮಸೀದಿ, ಇಗರ್ಜಿಗಳು ಯುದ್ಧ ಬಂದಾಗ ತಂತಮ್ಮ ಸರಕಾರದ ಹಿಂದೆ ನಿಲ್ಲುವುದೇ ರೂಢಿಯಾಗಿರುವ ಲೋಕದಲ್ಲಿ ಇದು ಸಣ್ಣ ಕೆಲಸವಲ್ಲ. ಆದರೆ ಅಹಿಂಸೆಗೆ ನಿಜವಾದ ಪರೀಕ್ಷೆ ದೂರದ ಹಳ್ಳಿಯ ಮಗುವಿನ ಮೇಲೆ ಮರುಕ ಪಡುವುದರಲ್ಲಿ ಮುಗಿಯುವುದಿಲ್ಲ. ಅಡ್ಡ ಬಂದ ಹತ್ತಿರದ ಮನುಷ್ಯನ ಮುಂದೆ ಶುರುವಾಗುತ್ತದೆ. ಅಲ್ಲಿ ನಾಟಕ ಕಣ್ಣು ತಪ್ಪಿಸಿದೆ.

ನಮ್ಮ ಸಂಘಗಳ ತಂಡವೊಂದು ಇದನ್ನು ಕನ್ನಡದಲ್ಲಿ ಆಡಬೇಕೆಂದು ನಮ್ಮ ಆಸೆ. ಖರ್ಚು ಹೆಚ್ಚಿಲ್ಲ, ಒಂಬತ್ತು ಜನರಿಗೂ ಒಳ್ಳೆಯ ಪಾತ್ರವಿರುವುದರಿಂದ ಪಾತ್ರ ಹಂಚುವಾಗಿನ ಮನಸ್ತಾಪವೂ ಕಡಿಮೆ. ನಿರ್ದೇಶಕರಿಗೆ ಒಂದು ಬಿನ್ನಹ. ನ್ಯಾಯಾಧೀಶರ ಪೀಠ, ಕಟಕಟೆ, ವಕೀಲರ ಮೇಜುಗಳ ಜೊತೆಗೆ ಒಂದು ಮೂಲೆಯಲ್ಲಿ ಗುಮಾಸ್ತೆಯ ಮೇಜನ್ನೂ ಇಡಿ. ಒಬ್ಬ ನಟಿಯನ್ನು ಆ ಮೇಜಿನ ಮುಂದೆ ಮೊದಲಿನಿಂದ ಕೊನೆಯವರೆಗೆ ಕೂರಿಸಿ. ಮಾತು ಬೇಡ, ಫೈಲುಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದರೆ ಸಾಕು. ಕಡೆಯ ಪ್ರಾರ್ಥನೆಯ ಹೊತ್ತಿಗೆ ಆಕೆ ತಲೆಯೆತ್ತಿ ನೋಡಬೇಕೋ ಬೇಡವೋ ಎಂಬುದನ್ನು ನಿರ್ದೇಶಕರೇ ತೀರ್ಮಾನಿಸಲಿ. ಆ ತೀರ್ಮಾನ ಮಾಡಬೇಕಾಗಿ ಬಂದಾಗ, ಈ ನಾಟಕ ಕೇಳದೆ ಬಿಟ್ಟ ಪ್ರಶ್ನೆಯನ್ನು ಅವರು ಕೇಳಿಕೊಂಡೇ ತೀರಬೇಕಾಗುತ್ತದೆ.